ಅಂಕಪಟ್ಟಿಗಿಂತ ಮೊದಲು ಮಾಡಿದ ಕೆಲಸವನ್ನು ನೋಡಿ

ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗೆ ಎಲ್ಲಿಯೂ ಶೇ 60ಕ್ಕಿಂತ ಕಡಿಮೆ ಅಂಕ ಇರಬಾರದು, ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರಬಾರದು ಎಂಬ ಷರತ್ತನ್ನು ಬೆಂಗಳೂರಿನ ಹಲವು ಕಂಪನಿಗಳು ಇಂಟರ್ನ್‌ಗಳ ಆಯ್ಕೆಗೂ ಹಾಕುತ್ತವೆ. ರಾಶಿ ಬಿದ್ದ ಅರ್ಜಿಗಳನ್ನು ಬೇಗ ಸೋಸಲು ಅದು ಅನುಕೂಲ ಎಂಬುದನ್ನು ಬಿಟ್ಟರೆ, ಆ ಷರತ್ತಿಗೂ ಮುಂದೆ ಮಾಡಬೇಕಾದ ಕೆಲಸಕ್ಕೂ ಇರುವ ನಂಟು ಬಹಳ ತೆಳುವಾದುದು. ಎಂಬೆಡೆಡ್ ಸಾಧನಗಳನ್ನು, ಅಂದರೆ ಒಳಗೇ ಪುಟ್ಟ ಕಂಪ್ಯೂಟರ್ ಇರುವ ಯಂತ್ರಗಳನ್ನು, ತಯಾರಿಸುವ ಸಣ್ಣ ತಂಡವೊಂದಕ್ಕೆ ಹೊಸಬರನ್ನು ಆರಿಸುವ ಹೊಣೆ ಹಲವು ವರ್ಷಗಳಿಂದ ನನ್ನ ಮೇಲಿದೆ. ತಾವಾಗಿಯೇ ಕಲಿತವರಿಗೆ ಈ ಬಾಗಿಲು ತೆರೆಯಬೇಕು, ತೆರೆದಾಗ ಸಂಬಳ ಕೊಟ್ಟೇ ಕರೆದುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೀಗೆ ಕಲಿತವರಲ್ಲಿ ಸಾಫ್ಟ್‌ವೇರ್‌ನವರ ದಾರಿ ಸ್ವಲ್ಪ ಸುಲಭ. ಹಳೆಯ ಲ್ಯಾಪ್‌ಟಾಪ್ ಮತ್ತು ಇಂಟರ್‌ನೆಟ್ ಇದ್ದರೆ ಲಿನಕ್ಸ್, ಪೈಥಾನ್, ಗಿಟ್‌ನಂತಹ ಪ್ರೋಗ್ರಾಮಿಂಗ್ ಸಲಕರಣೆಗಳೆಲ್ಲವೂ ಉಚಿತವಾಗಿ ಸಿಗುತ್ತವೆ. ತಪ್ಪಿದ ಪ್ರೋಗ್ರಾಮನ್ನು ಎಷ್ಟು ಸಲ ತಿದ್ದಿ ಓಡಿಸಿದರೂ ಖರ್ಚಿಲ್ಲ. ಹಾರ್ಡ್‌ವೇರ್ ಕಲಿಯುವವರು ಪ್ರತಿ ತಪ್ಪಿಗೂ ಕೈಯಿಂದ ದುಡ್ಡು ತೆರಬೇಕು. 3.3 ವೋಲ್ಟ್‌ನಲ್ಲಿ ಕೆಲಸ ಮಾಡುವ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಪಿನ್ನಿಗೆ 5 ವೋಲ್ಟ್ ಕೊಟ್ಟರೆ, ಅಥವಾ ಬ್ಯಾಟರಿಯ ಪ್ಲಸ್ಸು ಮೈನಸ್ಸು ಅದಲುಬದಲಾದರೆ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಿಂದ ನೂರಾರು ರೂಪಾಯಿ ಕೊಟ್ಟು ತಂದ ಬೋರ್ಡು ಸುಟ್ಟುಹೋಗಬಹುದು. ಕಿಕ್ಯಾಡ್ ಎಂಬ ತಂತ್ರಾಂಶದಲ್ಲಿ ಪಿಸಿಬಿ (ಬಿಡಿಭಾಗಗಳನ್ನು ಕೂರಿಸುವ ಸರ್ಕ್ಯೂಟ್ ಹಲಗೆ) ವಿನ್ಯಾಸ ಮಾಡುವುದು ಉಚಿತವಾದರೂ ಅದನ್ನು ತಯಾರು ಮಾಡಿಸಲು ದುಡ್ಡು ಬೇಕು. ಅದರ ಮೇಲಿನ ಒಂದು ತಾಮ್ರದ ಗೆರೆ (ಟ್ರ್ಯಾಕ್) ತಪ್ಪಿದರೂ ಹೊಸದಾಗಿ ಮಾಡಿಸಬೇಕಾಗಬಹುದು. ವಿದ್ಯುತ್ ಸಂಕೇತಗಳ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇರುವ ಮನೆಯಂತೂ ಅಪರೂಪ. ಇಷ್ಟಿದ್ದರೂ ಬರೀ ಮಲ್ಟಿಮೀಟರ್ ಹಿಡಿದು ದೋಷ ಹುಡುಕುತ್ತ, ಬಿಡಿಭಾಗಗಳ ವಿವರಪತ್ರವಾದ ಡೇಟಾಶೀಟ್ ಓದುತ್ತ, ತೋಟದ ಪಂಪ್‌ಸೆಟ್ಟನ್ನು ಮೊಬೈಲಿನಿಂದ ಚಾಲೂ ಮಾಡುವ ಸಾಧನವನ್ನು ಕಟ್ಟಿಕೊಂಡ ಯುವಕರು ನಮ್ಮ ಹಳ್ಳಿಗಳಲ್ಲಿದ್ದಾರೆ. ಮೂರು ಫೇಸ್‌ಗಳಲ್ಲಿ ಒಂದು ಹೋದರೆ ಮೋಟಾರು ಸುಡುತ್ತದೆಂದು ತಿಳಿದು ಅದನ್ನು ತಡೆಯುವ ವ್ಯವಸ್ಥೆಯನ್ನೂ ಸೇರಿಸಿದವನಿಗೆ ಎಂಜಿನಿಯರಿಂಗ್ ವಿವೇಚನೆ ಇಲ್ಲವೆಂದು ಹೇಗೆ ಹೇಳುವುದು?

ಅವರ ಕಲಿಕೆಯಲ್ಲಿ ಕೊರತೆಗಳಿರುತ್ತವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಚಿಪ್‌ನ ಪಕ್ಕದಲ್ಲೇ ಡಿಕಪ್ಲಿಂಗ್ ಕೆಪಾಸಿಟರ್ (ವಿದ್ಯುತ್ ಪೂರೈಕೆಯ ಏರಿಳಿತ ತಗ್ಗಿಸುವ ಬಿಡಿಭಾಗ) ಏಕಿರಬೇಕು, ಬೇರೆಯವರಿಗೂ ಅರ್ಥವಾಗುವಂತೆ ಕೋಡ್ ಬರೆಯುವುದು ಹೇಗೆ, ಬದಲಾವಣೆಯೊಂದನ್ನು ಪರೀಕ್ಷಿಸದೆ ಏಕೆ ಸೇರಿಸಬಾರದು ಎಂಬುದೆಲ್ಲ ಒಂಟಿಯಾಗಿ ಕಲಿತವರಿಗೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಅನುಭವಸ್ಥರ ಪಕ್ಕದಲ್ಲಿ ಕೆಲವು ತಿಂಗಳು ಕೂತು ಕೆಲಸ ಮಾಡಿದರೆ ಇವು ಬರುತ್ತವೆ. ಹಾಗೆ ಕೂರಿಸಿ ಕಲಿಸುವುದಕ್ಕೇ ಅಲ್ಲವೇ ಇಂಟರ್ನ್‌ಶಿಪ್ ಇರುವುದು.

ಆಯ್ಕೆಯ ಕ್ರಮವನ್ನೂ ಇದಕ್ಕೆ ತಕ್ಕಂತೆ ಬದಲಿಸಬೇಕು. ಅಲ್ಗಾರಿದಮ್ ಒಗಟುಗಳನ್ನು ಬಿಟ್ಟು, ಅಭ್ಯರ್ಥಿ ತಾನು ಮಾಡಿದ್ದನ್ನು ತಂದು ತೋರಿಸಲಿ, ಎಲ್ಲಿ ಕೈಕೊಟ್ಟಿತು, ಹೇಗೆ ಸರಿಪಡಿಸಿದೆ ಎಂದು ಬೇಕಿದ್ದರೆ ಕನ್ನಡದಲ್ಲೇ ವಿವರಿಸಲಿ. ನಂತರ ಚಿಪ್‌ಗಳು ಪರಸ್ಪರ ಮಾಹಿತಿ ಕಳಿಸುವ ಐ2ಸಿ ತಂತಿಗಳಿಗೆ ಬೇಕೇಬೇಕಾದ ಪುಲ್‌ಅಪ್ ರೆಸಿಸ್ಟರ್ ಇಲ್ಲದ ಸರ್ಕ್ಯೂಟನ್ನೋ, ಒಂದು ದೋಷವಿರುವ ಸಣ್ಣ ಪ್ರೋಗ್ರಾಮನ್ನೋ ಕೊಟ್ಟು ಪಕ್ಕದಲ್ಲಿ ಕೂತು ನೋಡಬೇಕು. ಉತ್ತರ ಸಿಗದಿದ್ದರೂ ಚಿಂತೆಯಿಲ್ಲ. ಊಹೆ ಮಾಡಿ, ಅಳೆದು, ಊಹೆ ತಪ್ಪಿದಾಗ ಮತ್ತೊಂದನ್ನು ಹಿಡಿಯುವವರನ್ನು ಒಂದು ಗಂಟೆಯಲ್ಲಿ ಗುರುತಿಸಬಹುದು. ಮನೆಗೆ ಒಯ್ದು ಎರಡು ಮೂರು ದಿನ ಮಾಡಬೇಕಾದ ಕೆಲಸ ಕೊಡುವುದಾದರೆ ಅದಕ್ಕೂ ಹಣ ಕೊಡುವುದು ನ್ಯಾಯ.

ಹಣದ ವಿಷಯದಲ್ಲಿ ನನಗೆ ರಾಜಿ ಸಾಧ್ಯವಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿಗೆ ಸೇರಿದ ಫಿಟ್ಟರ್‌ಗೆ ಸ್ಟೈಪೆಂಡ್ ಕೊಡುವುದು ಕಡ್ಡಾಯ; ಅದೇ ಊರಿನ ಕಚೇರಿಯೊಂದರಲ್ಲಿ ಇಂಟರ್ನ್ ಎಂಬ ಹೆಸರಿನಲ್ಲಿ ದಿನವಿಡೀ ಕೋಡ್ ಬರೆಯುವ ಹುಡುಗಿಗೆ ಬರೀ ಪ್ರಮಾಣಪತ್ರ ಕೊಟ್ಟು ಕಳಿಸುವುದುಂಟು, ಕೆಲವೆಡೆ ಆ ಪ್ರಮಾಣಪತ್ರಕ್ಕೆ ಆಕೆಯಿಂದಲೇ ಶುಲ್ಕ ಪಡೆಯುವುದೂ ಉಂಟು. ಸಂಬಳವಿಲ್ಲದ ಇಂಟರ್ನ್‌ಶಿಪ್‌ಗೆ ಬರಬಲ್ಲವರು ಬೆಂಗಳೂರಿನಲ್ಲಿ ಸ್ವಂತ ಮನೆಯೋ ನೆಂಟರ ಮನೆಯೋ ಇರುವವರು ಮಾತ್ರ. ಹಾವೇರಿ, ಯಾದಗಿರಿಗಳಿಂದ ಬಂದವರು ಪಿಜಿಯ ಬಾಡಿಗೆಯ ಲೆಕ್ಕ ಹಾಕಿಯೇ ಹಿಂದೆ ಸರಿಯುತ್ತಾರೆ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯು 2024ರಲ್ಲಿ ಆರಂಭವಾದಾಗ ಗೊತ್ತುಮಾಡಿದ್ದ ತಿಂಗಳಿಗೆ 5,000 ರೂಪಾಯಿ ಕೂಡ ಇಲ್ಲಿ ಊಟ ವಸತಿಗೆ ಸಾಲದು.

ಹಣ ಕೊಟ್ಟು, ಪದವಿ ಕೇಳದೆ ಹೊಸಬರನ್ನು ಬೆಳೆಸುವ ಮಾದರಿಗಳು ಮುಕ್ತ ತಂತ್ರಾಂಶ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್) ಲೋಕದಲ್ಲಿ ಹಳೆಯವು. ಇಂಥ ತಂತ್ರಾಂಶಕ್ಕೆ ಕೋಡ್ ಬರೆಯುವ ಹೊಸಬರಿಗೆ ಹಣ ಕೊಡುವ, 2005ರಲ್ಲಿ ಶುರುವಾದ ಗೂಗಲ್ ಸಮ್ಮರ್ ಆಫ್ ಕೋಡ್ 2022ರಿಂದ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ತೆರೆದುಕೊಂಡಿತು. ಔಟ್‌ರೀಚಿ ಎಂಬ ಇನ್ನೊಂದು ಸಂಬಳಸಹಿತ ಇಂಟರ್ನ್‌ಶಿಪ್ ಕಾರ್ಯಕ್ರಮದಲ್ಲಿ ಅರ್ಜಿದಾರರು ಯೋಜನೆಯೊಂದಕ್ಕೆ ನಿಜವಾದ ಕೊಡುಗೆ ನೀಡುತ್ತಾರೆ, ಅದನ್ನು ನೋಡಿ ಮಾರ್ಗದರ್ಶಕರು ಆರಿಸುತ್ತಾರೆ.

ಒಂದು ಎಚ್ಚರಿಕೆ ಅಗತ್ಯ. ಆರು ತಿಂಗಳು ಚೆನ್ನಾಗಿ ದುಡಿದವರನ್ನು ಕಾಯಂ ಮಾಡುವ ಹೊತ್ತಿಗೆ "ನಿಯಮದ ಪ್ರಕಾರ ಪದವಿ ಬೇಕು" ಎಂದು ಎಚ್‌ಆರ್ ವಿಭಾಗ ತಡೆಯುವುದನ್ನು ಕಂಡಿದ್ದೇನೆ. ಆದ್ದರಿಂದ ಆ ನಿಯಮವನ್ನು ಜಾಹೀರಾತು ಹೊರಡಿಸುವ ಮೊದಲೇ ಬದಲಿಸಬೇಕು. ಸ್ಟೈಪೆಂಡ್ ಎಷ್ಟು, ಅವಧಿ ಎಷ್ಟು, ಯಾವ ಆಧಾರದ ಮೇಲೆ ಕಾಯಂ ಮಾಡುತ್ತೇವೆ, ಆಗ ಪದವೀಧರರಿಗೆ ಕೊಡುವಷ್ಟೇ ಸಂಬಳ ಕೊಡುತ್ತೇವೆಯೇ ಎಂಬುದೆಲ್ಲವೂ ಆ ಜಾಹೀರಾತಿನಲ್ಲೇ ಬರಹದಲ್ಲಿರಬೇಕು.