ಧಣಿಗಳ ಜಮೀನು ಒಡೆದ ಕುರುಬ ಮಂತ್ರಿ

ನಾನಿರುವ ನ್ಯೂಜಿಲೆಂಡಿನ ಡನೀಡಿನ್‌ನಿಂದ ಉತ್ತರಕ್ಕೆ ಹೊರಟರೆ ಪಾಮರ್ಸ್ಟನ್ ಎಂಬ ಸಣ್ಣ ಪೇಟೆ ಸಿಗುತ್ತದೆ. ಪಕ್ಕದ ಪುಕೆಟಾಪು ಗುಡ್ಡದ ತುದಿಯಲ್ಲಿ ಒಂದು ಕಲ್ಲಿನ ಗೋಪುರ ಇದೆ. ಅದು ಜಾನ್ ಮೆಕೆಂಜಿಯ ನೆನಪಿಗೆ ಕಟ್ಟಿದ್ದು. 1860ರಲ್ಲಿ ಸ್ಕಾಟ್ಲೆಂಡ್ ಬಿಟ್ಟು ಬಂದು ಈ ಸೀಮೆಯಲ್ಲೇ ಕುರಿ ಕಾಯುವ ಕೆಲಸಕ್ಕೆ ಸೇರಿದವನು, 1891ರಲ್ಲಿ ನ್ಯೂಜಿಲೆಂಡಿನ ಭೂಮಂತ್ರಿಯಾದ. ದಕ್ಷಿಣ ಕನ್ನಡದ ಗೇಣಿ ಒಕ್ಕಲಿನ ಮನೆಯಿಂದ ಬಂದ ನನಗೆ ಅವನ ಕತೆ ಓದುವಾಗಲೆಲ್ಲ ಊರಿನ ಡಿಕ್ಲರೇಷನ್ ಕಾಲವೇ, ಅಂದರೆ ಗೇಣಿಯವರು ಜಮೀನಿನ ಹಕ್ಕಿಗೆ ಅರ್ಜಿ ಹಾಕಿದ ಕಾಲವೇ, ಕಣ್ಣಮುಂದೆ ಬರುತ್ತದೆ.

ಮೆಕೆಂಜಿ ಹುಟ್ಟಿದ್ದು 1839ರಲ್ಲಿ, ಸ್ಕಾಟ್ಲೆಂಡಿನ ರಾಸ್ ಸೀಮೆಯಲ್ಲಿ. ಮನೆಮಾತು ಗೇಲಿಕ್. ಆಗ ಅಲ್ಲಿನ ಧಣಿಗಳಿಗೆ ಒಕ್ಕಲಿಗಿಂತ ಕುರಿಯಲ್ಲೇ ಲಾಭ ಜಾಸ್ತಿ. 1845ರಲ್ಲಿ ಗ್ಲೆನ್‌ಕಾಲ್ವಿಯ ಜನರನ್ನು ಒಕ್ಕಲೆಬ್ಬಿಸಿದಾಗ ಅವರು ಕ್ರೋಯಿಕ್ ಚರ್ಚಿನ ಸ್ಮಶಾನದಲ್ಲಿ ಬಿಡಾರ ಹೂಡಿದರು. ಚರ್ಚಿನ ಕಿಟಕಿ ಗಾಜಿನ ಮೇಲೆ ಅವರು ಗೀರಿದ ಮಾತು ಇವತ್ತಿಗೂ ಇದೆ. ಗ್ಲೆನ್‌ಕಾಲ್ವಿಯ ಜನ, ಪಾಪಿಗಳ ಪೀಳಿಗೆ ಅಂತ. ಮನೆ ಕಳೆದುಕೊಂಡವರೇ ತಪ್ಪನ್ನೂ ತಲೆ ಮೇಲೆ ಹೊತ್ತುಕೊಂಡಿದ್ದರು! ಚಿಕ್ಕಂದಿನಲ್ಲಿ ಕಂಡ ಆ ಗೋಳನ್ನು ಮೆಕೆಂಜಿ ಕೊನೆತನಕ ಮರೆಯಲಿಲ್ಲ.

ಮಂತ್ರಿಯಾದ ಮೇಲೆ ಅವನ ಕಣ್ಣು ಬಿದ್ದದ್ದು ದೊಡ್ಡ ಎಸ್ಟೇಟುಗಳ ಮೇಲೆ. ಚೆವಿಯಟ್ ಎಂಬ ಒಂದೇ ಎಸ್ಟೇಟು 80,000 ಎಕರೆಗೂ ಮೇಲೆ. ತೆರಿಗೆಗಾಗಿ ಸರ್ಕಾರ ಕಟ್ಟಿದ ಬೆಲೆ ವಿಪರೀತವಾಯಿತು, ಇಳಿಸಿ, ಇಲ್ಲವೇ ನೀವೇ ಕೊಂಡುಕೊಳ್ಳಿ ಎಂದು ಎಸ್ಟೇಟಿನವರು ಪಟ್ಟು ಹಿಡಿದರು. ಸರ್ಕಾರ 1893ರಲ್ಲಿ ಸುಮಾರು 2,60,000 ಪೌಂಡ್ ಕೊಟ್ಟು ಕೊಂಡೇಬಿಟ್ಟಿತು! ತುಂಡು ಮಾಡಿ ಸಣ್ಣ ರೈತರಿಗೆ ಹಂಚಿತು. ಮರುವರ್ಷ, ಕೊಡಲೊಪ್ಪದ ಧಣಿಯಿಂದಲೂ ಜಮೀನು ತೆಗೆದುಕೊಳ್ಳುವ ಕಾನೂನು ಬಂತು. ಸರ್ಕಾರ ಅದನ್ನು ರೈತರಿಗೆ ಕೊಟ್ಟದ್ದು 999 ವರ್ಷದ ಗೇಣಿಗೆ. ನಮ್ಮ ಕರಾವಳಿಯ ಮೂಲಗೇಣಿಯೇ, ಅಂದರೆ ಕಾಯಂ ಗೇಣಿಯೇ, ಕಾನೂನಾಗಿ ಬಂದ ಹಾಗೆ.

ನಮ್ಮ ದಾರಿ ಬೇರೆ. 1974ರಲ್ಲಿ ದೇವರಾಜ ಅರಸರ ಸರ್ಕಾರ ಧಣಿಗಳಿಗೆ ಮಾರುಕಟ್ಟೆ ಬೆಲೆ ಕೊಡಲು ಹೋಗಲಿಲ್ಲ. ಯಾರು ಗೇಣಿಗೆ ಉಳುತ್ತಿದ್ದಾರೋ ಅವರೇ ಒಡೆಯರು ಎಂದಿತು. ನಮ್ಮಜ್ಜನದು ಚಾಲಗೇಣಿ, ಅಂದರೆ ಕಾಯಂ ಅಲ್ಲದ ಗೇಣಿ, ಎಲ್ಲ ಬಾಯಿಮಾತಿನದು. ವರ್ಷ ವರ್ಷ ಧಣಿಗಳ ಅಂಗಳಕ್ಕೆ ಅಕ್ಕಿ ಮುಡಿ ಹೊತ್ತು ಹಾಕಿದ್ದಕ್ಕೆ ಒಂದು ಚೀಟಿಯೂ ಇಲ್ಲ. ಭೂನ್ಯಾಯ ಮಂಡಳಿ, ಅಂದರೆ ಟ್ರಿಬ್ಯೂನಲ್ ಮುಂದೆ ಹೋಗಿ, ಉಂಡ ಮನೆಗೇ ಎದುರು ನಿಂತೆಯಾ ಎಂಬ ಮಾತು ಕೇಳಿಸಿಕೊಂಡೇ ಗೆದ್ದರು.

ನನಗೆ ನಮ್ಮ ರೀತಿಯೇ ಹೆಚ್ಚು ನ್ಯಾಯ ಅನ್ನಿಸುತ್ತದೆ. ಆದರೆ ಮುಂದಿನ ದಾರಿ ಇಲ್ಲಿಯವರೇ ಚೆನ್ನಾಗಿ ಯೋಚಿಸಿದ್ದರು. 1894ರಿಂದಲೇ ರೈತನಿಗೆ ಕಡಿಮೆ ಬಡ್ಡಿಯ ಸರ್ಕಾರಿ ಸಾಲ. 1882ರಲ್ಲೇ ಇಲ್ಲಿನ ಬಂದರಿನಿಂದ ಶೈತ್ಯ ಹಡಗಿನಲ್ಲಿ ಮಾಂಸ ಇಂಗ್ಲೆಂಡಿಗೆ ಹೋಗಿತ್ತು. ಹಾಗಾಗಿ ಸಣ್ಣ ಹಿಡುವಳಿಯವನೂ ಬೆಣ್ಣೆ, ಮಾಂಸ ಮಾರಿ ಬದುಕಿದ. ನಮ್ಮಲ್ಲಿ ಪಟ್ಟೆ ಕೈಗೆ ಬಂತು, ಪಾಲು ಪಟ್ಟಿ ಶುರುವಾಯಿತು. ಅಷ್ಟೆ.

ಆದರೆ ಇಲ್ಲಿಯವರು ಮೆಕೆಂಜಿಯನ್ನು ಹೊಗಳುವಾಗ ನಾನು ಪೂರ್ತಿ ತಲೆಯಾಡಿಸಲಾರೆ. ಅವನ ಪಕ್ಷ ಅಧಿಕಾರದಲ್ಲಿದ್ದ 1891ರಿಂದ 1911ರ ನಡುವೆ ಇಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಕೈಯಿಂದ ಸುಮಾರು 30 ಲಕ್ಷ ಎಕರೆ ಹೋಯಿತು. ಬಿಳಿಯರ ಎಸ್ಟೇಟುಗಳಿಂದ ಕೊಂಡದ್ದು ಇದರ ಅರ್ಧವೂ ಇಲ್ಲ. 1894ರಲ್ಲೇ ಇನ್ನೊಂದು ಕಾನೂನು ಬಂದ ಮೇಲೆ ಮಾವೋರಿಗಳು ಜಮೀನು ಮಾರುವುದಿದ್ದರೆ ಸರ್ಕಾರಕ್ಕೇ ಮಾರಬೇಕಿತ್ತು. ಒಬ್ಬನೇ ಗಿರಾಕಿ ಇದ್ದರೆ ಬೆಲೆ ಏನಾಗುತ್ತದೆ ಅಂತ ಸಂತೆಗೆ ಹೋದ ಯಾರಿಗಾದರೂ ಗೊತ್ತು, ಅಲ್ವಾ? ಆ ನೆಲ ಸುಮ್ನೆ ಬೀಳು ಬಿದ್ದಿದೆ ಎಂಬುದು ಸರ್ಕಾರದವರ ಸಮಜಾಯಿಷಿ. ಆ ಕಾಲವೇ ಹಾಗಿತ್ತು ಅಂತ ನನ್ನ ಇಲ್ಲಿನ ಸ್ನೇಹಿತರು ಹೇಳುತ್ತಾರೆ. ಒಕ್ಕಲೆಬ್ಬಿಸುವುದು ಏನೆಂದು ಕಣ್ಣಾರೆ ಕಂಡವನಿಗೆ ಆ ನೆಪ ಸಲ್ಲದು.

ಹಾಗಂತ ನಾವು ಬೀಗುವಂತೆಯೂ ಇಲ್ಲ. ಅಜ್ಜ ಗೆದ್ದ ಗದ್ದೆಯಲ್ಲಿ ನೇಜಿ ನೆಟ್ಟು, ಕೊಯ್ಲು ಮಾಡಿ, ಬತ್ತ ಬಡಿದವರು ಪಕ್ಕದ ಗುಡ್ಡೆಯ ಕೂಲಿಯವರು. ಅವರ ಹೆಸರಲ್ಲಿ ಗೇಣಿ ಇರಲಿಲ್ಲ. ಉಳುವವರು ಯಾರು ಎಂದು ಟ್ರಿಬ್ಯೂನಲ್ ಕೇಳಿದಾಗ ಅಜ್ಜನ ಪರ ಸಾಕ್ಷಿ ಹೇಳಿದ್ದೂ ಅವರೇ. ಅವರಿಗೆ ಸಿಕ್ಕಿದ್ದು ಗುಡಿಸಲು ನಿಂತಷ್ಟು ಜಾಗ.