ಕರ್ತವ್ಯ ನಲವತ್ತು ಸಾವಿರ ಕೋಟಿ

ಪಕ್ಕದ್ಮನೆ ಹುಡುಗ ಕೆಎಎಸ್‌ಗೆ ಓದ್ತಿದಾನೆ. ಮೊನ್ನೆ ಸಂಜೆ ಮೆಟ್ಟಿಲ ಮೇಲೆ ಕೂತು ಜೋರಾಗಿ ಉರು ಹೊಡೀತಿದ್ದ, ಸಂವಿಧಾನದ ವಿಧಿ 47, ಜನರ ಪೌಷ್ಟಿಕತೆ ಆರೋಗ್ಯ ಸುಧಾರಿಸೋದು ಸರ್ಕಾರದ ಪ್ರಾಥಮಿಕ ಕರ್ತವ್ಯ, ಮದ್ಯಪಾನ ನಿಷೇಧ ಮಾಡೋಕೆ ಪ್ರಯತ್ನ ಪಡ್ಬೇಕು, ಔಷಧಿಗೆ ಮಾತ್ರ ವಿನಾಯ್ತಿ. (ನಮ್ಮೂರಲ್ಲಿ ಸಂಜೆ ಏಳಾದ್ರೆ ಎಲ್ರಿಗೂ ಮೈಕೈ ನೋವು, ಅದು ಬೇರೆ ವಿಷ್ಯ.)

ಸರ್ಕಾರ ಪಾಪ ಪ್ರಯತ್ನ ಪಡ್ತಾನೇ ಇದೆ. 2024-25ರ ಬಜೆಟ್ಟಲ್ಲಿ ಅಬಕಾರಿ ಟಾರ್ಗೆಟ್ 38,525 ಕೋಟಿ ಇತ್ತು, 2025-26ಕ್ಕೆ 40,000 ಕೋಟಿ ಆಯ್ತು. ಟಾರ್ಗೆಟ್ಟು ಕಣ್ರೀ! ಅಂದ್ರೆ ಜನ ಕುಡಿಯೋದು ಕಮ್ಮಿ ಮಾಡಿದ್ರೆ ವಿಧಾನಸೌಧದಲ್ಲಿ ಯಾರೋ ತಲೆ ಮೇಲೆ ಕೈ ಹೊತ್ಕೊಂಡು ಕೂರ್ತಾರೆ, ಮೀಟಿಂಗ್ ಕರೀತಾರೆ, ಯಾವ ತಾಲೂಕಲ್ಲಿ ಸೇಲ್ಸ್ ಬಿದ್ದಿದೆ ಅಂತ ಕೇಳ್ತಾರೆ. ಇದೇ ಸರ್ಕಾರದ್ದೇ ಮದ್ಯಪಾನ ಸಂಯಮ ಮಂಡಳಿ ಅಂತ ಒಂದಿದೆ, ಕುಡೀಬೇಡ್ರಪ್ಪಾ ಅನ್ನೋದು ಅವರ ಕೆಲ್ಸ. ಗಂಡ ಬಾರ್ ಇಟ್ಕೊಂಡಿರೋ ಮನೇಲಿ ಹೆಂಡ್ತಿ ಭಜನೆ ಮಂಡಳಿ ನಡೆಸ್ದಂಗೆ, ಖರ್ಚಿಗೆ ಗಲ್ಲಾಪೆಟ್ಟಿಗೆ ಮಾತ್ರ ಒಂದೇ.

2007ರ ಜುಲೈ 1ಕ್ಕೆ ಸಾರಾಯಿ ನಿಲ್ಸಿದ್ರು, ಒಪ್ಪಣ. ಬಡವನ ಪ್ಯಾಕೆಟ್ ಹೋಯ್ತು, ಲೇಬಲ್ ಇರೋ ಬಾಟ್ಲಿ ಸಂವಿಧಾನದ ಕಣ್ಣಿಗೆ ಬೀಳ್ಲೇ ಇಲ್ಲ. ಎಂಎಸ್‌ಐಎಲ್ ನೋಡಿ, ಸರ್ಕಾರಿ ಕಂಪ್ನಿ, ನೋಟ್‌ಬುಕ್ಕೂ ಮಾರತ್ತೆ, ಚೀಟಿನೂ ನಡ್ಸತ್ತೆ, ಎಣ್ಣೆ ಅಂಗ್ಡಿನೂ ಇಟ್ಟಿದೆ. ಮಕ್ಕಳಿಗೆ ಓದೋ ಅವಕಾಶ ಕೊಡೋದು ಅಪ್ಪ-ಅಮ್ಮನ ಮೂಲಭೂತ ಕರ್ತವ್ಯ ಅಂತ 2002ರಲ್ಲಿ 86ನೇ ತಿದ್ದುಪಡಿ ತಂದು ಸೇರ್ಸಿದಾರಲ್ಲ, ಅದಕ್ಕೇ ಇರ್ಬೇಕು, ಮಗನಿಗೆ ನೋಟ್‌ಬುಕ್ಕು ಅಪ್ಪಂಗೆ ಕ್ವಾಟ್ರು, ಎರಡೂ ಒಂದೇ ಕಂಪ್ನಿದು.

ಇನ್ನು ಕೋರ್ಟಿಗೆ ಹೋಗಿ 47 ಜಾರಿ ಮಾಡ್ಸಿ ಅನ್ನೋಣ ಅಂದ್ರೆ ವಿಧಿ 37 ಬಾಗ್ಲಲ್ಲೇ ನಿಂತಿರತ್ತೆ, 47ರಂಥ ನಿರ್ದೇಶಕ ತತ್ವನ, ಅಂದ್ರೆ ಸರ್ಕಾರ ಹೀಗೆ ನಡೀಬೇಕು ಅಂತ ಸಂವಿಧಾನ ಹೇಳೋ ಬುದ್ಧಿಮಾತನ್ನ, ಯಾವ ಕೋರ್ಟೂ ಜಾರಿ ಮಾಡ್ಸೋ ಹಂಗಿಲ್ಲ. ಸಂವಿಧಾನ ಸಭೇಲಿ ಕೆ.ಟಿ. ಶಾ ಅವ್ರು ಇದನ್ನ ಬ್ಯಾಂಕು ತನಗೆ ಅನುಕೂಲ ಆದಾಗ ದುಡ್ಡು ಕೊಡೋ ಚೆಕ್ಕಿಗೆ ಹೋಲಿಸಿದ್ರು. ಅವ್ರಿಗೇನ್ ಗೊತ್ತು, ಮುಂದೆ ಆ ಬ್ಯಾಂಕಿಗೆ ದುಡ್ಡು ತುಂಬೋರು ಕುಡುಕರೇ ಅಂತ.

ಎಮರ್ಜೆನ್ಸಿ ಟೈಮಲ್ಲಿ, 1976ರಲ್ಲಿ, ನಮ್ಮ ಹಕ್ಕುಗಳಿಗೆ ಬೀಗ ಹಾಕಿ ಕರ್ತವ್ಯದ ಪಟ್ಟಿ ಕೈಗಿಟ್ರಲ್ಲ, ಆಗ ಸ್ವರಣ್ ಸಿಂಗ್ ಕಮಿಟಿ ತೆರಿಗೆ ಕಟ್ಟೋದನ್ನೂ ಕರ್ತವ್ಯ ಮಾಡಿ ಅಂದಿತ್ತು, ಅದನ್ನ ಕೈಬಿಟ್ರು. ನಮ್ಮ ಕುಡುಕ ಮಹಾಶಯ ಕೈಬಿಟ್ಟಿಲ್ಲ. ರೇಟು ಎಷ್ಟು ಸಲ ಏರ್ಸಿದ್ರೂ ಧರಣಿ ಇಲ್ಲ ಬಂದ್ ಇಲ್ಲ, ಲೈನಲ್ಲಿ ನಿಂತು ಕಟ್ಟಿ, ರಸ್ತೆ ಪಕ್ಕ ಮಲಗ್ತಾನೆ. 2025ರ ಮಾರ್ಚಲ್ಲಿ ತುರುವೇಕೆರೆ ಶಾಸಕ್ರು ಸದನದಲ್ಲೇ ಎದ್ದು, ಹೆಂಗಸ್ರಿಗೆ ತಿಂಗಳಿಗೆ 2,000, ಫ್ರೀ ಬಸ್ಸು ಕೊಡ್ತೀರಲ್ಲ, ಗಂಡಸ್ರಿಗೂ ವಾರಕ್ಕೆರಡು ಬಾಟ್ಲಿ ಕೊಡಿ ಅಂದ್ರು. ನಗೋದ್ಯಾಕೆ, ದಾತನಿಗೇ ಸ್ವಲ್ಪ ಪ್ರಸಾದ ಕೇಳಿದ್ದಪ್ಪ.

ಹುಡುಗನ್ನ ಕೇಳ್ದೆ, ಪಾಸಾದ್ರೆ ಯಾವ ಇಲಾಖೆನೋ ಅಂತ.

"ಅಬಕಾರಿ ಅಂಕಲ್" ಅಂದ, ವಿಧಿ 48ಕ್ಕೆ ಹೋದ.