ಮುಂದ ಓದ್ಲೇನ್ರಿ ಅಕ್ಕೋರೆ?

ಸಂಜೆ ಸೂಪರ್ ಮಾರ್ಕೆಟ್‌ನಲ್ಲಿ ಕಾಯಿಪಲ್ಲೆ ತಗೊಳ್ಳುವಾಗ ಪರಿಚಯದವರೊಬ್ಬರು ಸಿಕ್ಕರು. "ನಿಮಗೇನ್ರಿ ಅಕ್ಕೋರೆ, ಸರ್ಕಾರಿ ಸಾಲಿ, ಆರಾಮ ಪಗಾರ. ಅದಕ್ಕೇ ನಮ್ಮ ಜಿಲ್ಲಾ ಎಸ್ಸೆಸ್ಸೆಲ್ಸಿಯೊಳಗ ಕಡೀಕ್ ಬರ್ತದ" ಅಂದರು. ಮನೆಗೆ ಬಂದು ಎರಡು ತಾಸಾದರೂ ಸಿಟ್ಟು ಇಳಿದಿಲ್ಲ.

2025ರಲ್ಲಿ ನಮ್ಮ ಕಲಬುರಗಿ ಕೊನೆಗೆ ಬಂದದ್ದು ನಿಜ, ಪಾಸಾದವರು ಶೇ 42.43. ಅದರ ಹಿಂದಿನ ವರ್ಷ ಯಾದಗಿರಿ. ಆದರೆ ಹತ್ತನೇ ಕ್ಲಾಸಿನಲ್ಲಿ ಫೇಲಾಗುವ ಮಗು ಹಿಂದೆ ಬೀಳುವುದು ನನ್ನ ಕಣ್ಣೆದುರೇ, ನಾಲ್ಕನೇ ಐದನೇ ಕ್ಲಾಸಿನಲ್ಲಿ. ನಾನು ಪಾಠ ಬಿಟ್ಟು ಎದ್ದು ಹೋಗುವ ಹೊತ್ತಿನಲ್ಲಿ.

ಎದ್ದು ಹೋಗುವುದು ಚಹಾ ಕುಡಿಯಲಿಕ್ಕಲ್ಲ. ಮಕ್ಕಳ ದಾಖಲೆ ಇಡುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಮಾಹಿತಿ ಏರಿಸಬೇಕು. ಹಾಲು, ಮೊಟ್ಟೆಯ ಲೆಕ್ಕ ಬರೆಯಬೇಕು. ಮತದಾರರ ಪಟ್ಟಿ ಹಿಡಿದು ಓಣಿ ಓಣಿ ತಿರುಗಬೇಕು. 2025ರ ಜಾತಿ ಸಮೀಕ್ಷೆಗೆ ನಮ್ಮನ್ನೇ ಕಳಿಸಿದರು, ಅದಕ್ಕಾಗಿ ಶಾಲೆಯ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಶಿಕ್ಷಣ ಹಕ್ಕು ಕಾಯ್ದೆ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅನ್ನುತ್ತದೆ. ಪಾಠದ ಹೊತ್ತನ್ನು ಕಿತ್ತುಕೊಂಡು ಆಮೇಲೆ ರಿಸಲ್ಟ್ ಕೇಳಿದರೆ ಎಲ್ಲಿಂದ ತರೋಣ?

ಪಾಠ ಮಾಡದ ಮಾಸ್ತರರೂ ಇದ್ದಾರೆ ಅಲ್ವಾ ಅಂತೀರಿ. ಇದ್ದಾರೆ. ಆದರೆ ಅವರನ್ನು ತೋರಿಸಿ ಎಲ್ಲರನ್ನೂ ಬೈಯಬೇಡಿ. ನನ್ನ ಪಕ್ಕದ ಖೋಲಿಯಲ್ಲಿ ಅತಿಥಿ ಶಿಕ್ಷಕಿ ತಿಂಗಳಿಗೆ 12,000ಕ್ಕೆ ದುಡಿಯುತ್ತಾಳೆ. ಆ ದುಡ್ಡೂ ಹೊತ್ತಿಗೆ ಸರಿಯಾಗಿ ಬರಲ್ಲ. ಒಂದು ದಿನವೂ ಅವಳು ತಡವಾಗಿ ಬಂದಿಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಜೂನ್‌ನಲ್ಲಿ ಐದನೇ ಕ್ಲಾಸಿನ ಹುಡುಗನೊಬ್ಬನಿಗೆ ಓದಲು ಬರಲ್ಲ ಅಂತ ಎಲ್ಲರೆದುರು ಬೈದಿದ್ದೆ. ಅಪ್ಪ ಅವ್ವನ ಜೊತೆ ಪುಣೆಗೆ ಹೋಗಿ, ಕಟ್ಟಡ ಕೆಲಸದ ಜಾಗದಲ್ಲೇ ನಾಲ್ಕು ತಿಂಗಳು ಇದ್ದು ಬಂದಿದ್ದ ಅಂತ ಆಮೇಲೆ ಗೊತ್ತಾಯಿತು. ಈಗಲೂ ನೆನಪಾದರೆ ಸಂಕಟವಾಗುತ್ತದೆ.

ಇವತ್ತು ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ನಾಲ್ಕನೇ ಕ್ಲಾಸಿನವರೂ ಅದೇ ಖೋಲಿಯಲ್ಲಿ ಮಗ್ಗಿ ಬರೆಯುತ್ತಿದ್ದರು. ಅವನಿಗೆ ಒತ್ತಕ್ಷರ ಬಂದಲ್ಲಿ ನಾಲಿಗೆ ನಿಲ್ಲುತ್ತದೆ. 'ಹಕ್ಕಿ' ದಾಟಿದ. 'ಬೆಟ್ಟ' ದಾಟಿದ. 'ಹತ್ತಿ' ಅನ್ನುವಷ್ಟರಲ್ಲಿ ಫೋನ್ ಬಂತು. ಯಾವುದೋ ಮಾಹಿತಿ ಈಗಲೇ ಬೇಕಂತೆ. ಹೋದೆ. ಸರ್ವರ್ ಸುಮ್ನೆ ತಿರುಗುತ್ತಾ ಕೂತಿತು. ಮುಗಿಸಿ ಬರುವಷ್ಟರಲ್ಲಿ ನಲವತ್ತು ನಿಮಿಷ ಹೋಗಿತ್ತು.

ಉಳಿದವರು ಗದ್ದಲ ಮಾಡುತ್ತಿದ್ದರು. ಅವನು ಮಾತ್ರ ಜಾಗ ಬಿಟ್ಟು ಎದ್ದಿರಲಿಲ್ಲ. ಬೆರಳು 'ಹತ್ತಿ'ಯ ಮೇಲೇ ಇತ್ತು.

"ಮುಂದ ಓದ್ಲೇನ್ರಿ ಅಕ್ಕೋರೆ?"

ಅಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೆಯಿತು.